ಅರ್ಧ ಗಂಟೆಯ ಬಲೆ, ಇಪ್ಪತ್ತೆರಡು ವರ್ಷದ ಲೆಕ್ಕ

ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಪ್ಲಾಸ್ಟಿಕ್ ಎಲ್ಲಿ, ಎಷ್ಟು ಸೇರಿಕೊಂಡಿದೆ ಎಂದು ತೋರಿಸಿದ ಮಹತ್ವದ ಪ್ರಬಂಧವೊಂದು 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೆ ಬೇಕಾದ ಲೆಕ್ಕವನ್ನು ಬಲೆ ಎಳೆದು, ಕೈಯಾರೆ ಎಣಿಸಿ ಕಲೆಹಾಕಿದವರು ಸುಮಾರು 7000 ಕಾಲೇಜು ವಿದ್ಯಾರ್ಥಿಗಳು. ಒಬ್ಬೊಬ್ಬರೂ ಹಡಗಿನಲ್ಲಿ ಕಳೆದದ್ದು ಕೆಲವೇ ವಾರ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿರುವ ವುಡ್ಸ್ ಹೋಲ್ ಸಣ್ಣ ಕರಾವಳಿ ಊರು. ಸಾಗರ ವಿಜ್ಞಾನದ ಜಗತ್ತಿನಲ್ಲಿ ಮಾತ್ರ ಅದರ ಹೆಸರು ದೊಡ್ಡದು. 1971ರಲ್ಲಿ ಶುರುವಾದ ‘ಸೀ ಎಜುಕೇಷನ್ ಅಸೋಸಿಯೇಷನ್’ ಅಲ್ಲಿ ನೆಲೆನಿಂತು, ಬೇರೆ ಬೇರೆ ಕಾಲೇಜುಗಳ ವಿದ್ಯಾರ್ಥಿಗಳನ್ನು ಒಂದು ಸೆಮಿಸ್ಟರಿನ ಮಟ್ಟಿಗೆ ಕಡಲಿಗೆ ಕರೆದೊಯ್ಯುವ ಕ್ರಮ ಬೆಳೆಸಿತು. ಸಾಮಾನ್ಯವಾಗಿ ಹನ್ನೆರಡು ವಾರದ ಕಲಿಕೆ. ಅರ್ಧ ನೆಲದ ಮೇಲೆ, ಅರ್ಧ ನೀರಿನ ಮೇಲೆ. ನೆಲದಲ್ಲಿರುವಾಗಲೇ ಪ್ರತಿಯೊಬ್ಬರೂ ತಮ್ಮ ಸಂಶೋಧನೆಯ ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳಬೇಕು. ಆಮೇಲೆ 134 ಅಡಿ ಉದ್ದದ ಹಾಯಿಹಡಗು: ಅಟ್ಲಾಂಟಿಕ್‌ನಲ್ಲಿ ‘ಕಾರ್ವಿತ್ ಕ್ರೇಮರ್’, ಪೆಸಿಫಿಕ್‌ನಲ್ಲಿ ‘ರಾಬರ್ಟ್ ಸಿ. ಸೀಮನ್ಸ್’. ಬರ್ಮುಡಾ, ಕೆರಿಬಿಯನ್ ದ್ವೀಪಗಳು, ತಾಹಿಟಿ, ನ್ಯೂಜಿಲೆಂಡ್ ಎಂದು ಪಯಣ ಸಾಗುತ್ತದೆ.

ಹಡಗಿನಲ್ಲಿ ಪ್ರಯಾಣಿಕರೆಂದು ಯಾರೂ ಇಲ್ಲ. ವಿದ್ಯಾರ್ಥಿಗಳನ್ನು ಮೂರು ಪಾಳಿಗಳಾಗಿ ಹಂಚುತ್ತಾರೆ. ಹಾಯಿ ಎಳೆಯುವುದು, ಚುಕ್ಕಾಣಿ ಹಿಡಿಯುವುದು, ಡೆಕ್ ತೊಳೆಯುವುದು, ಅಡುಗೆಗೆ ಕೈಜೋಡಿಸುವುದು, ಪ್ರಯೋಗಾಲಯ ನೋಡಿಕೊಳ್ಳುವುದು ಎಲ್ಲವೂ ಪಾಳಿಯ ಕೆಲಸವೇ. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಿ ಮಲಗಿದವರಿಗೆ ಕೊನೆಯ ವಾರಗಳಲ್ಲಿ ಇಡೀ ಪಾಳಿಯ ಹೊಣೆ ಒಪ್ಪಿಸುತ್ತಾರೆ. ಹಾಯಿ ಕಟ್ಟಿದ ಅನುಭವ ಇರಲೇಬೇಕೆಂದಿಲ್ಲ. ಇತಿಹಾಸ, ಸಾಹಿತ್ಯ ಓದುವವರೂ ಬಂದಿದ್ದಾರೆ.

ಪ್ಲಾಸ್ಟಿಕ್ ಲೆಕ್ಕ ಹುಟ್ಟಿದ್ದು ಈ ದಿನಚರಿಯಲ್ಲೇ. ಒಂದು ಮೀಟರ್ ಅಗಲ, ಅರ್ಧ ಮೀಟರ್ ಎತ್ತರದ ಬಾಯಿಯುಳ್ಳ ಬಲೆ. ಅದರ ಕಣ್ಣುಗಳು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಹಡಗಿನ ವೇಗವನ್ನು ಎರಡು ನಾಟ್‌ಗೆ ಇಳಿಸಿ, ನೀರಿನ ಮೇಲ್ಮೈಯಲ್ಲೇ ಅರ್ಧ ಗಂಟೆ ಎಳೆದರೆ ಒಂದು ನಾಟಿಕಲ್ ಮೈಲಿ ಆಗುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನ ಒಮ್ಮೆ, ಮಧ್ಯರಾತ್ರಿ ಒಮ್ಮೆ. ಬಲೆಗೆ ಪ್ಲಾಸ್ಟಿಕ್ ಜೊತೆ ಜೀವಿಗಳೂ ಬೀಳುತ್ತವೆ. ಹಗಲು ಆಳದಲ್ಲಿ ಅಡಗಿರುವ ಸೂಕ್ಷ್ಮ ಪ್ರಾಣಿಗಳು ಕತ್ತಲಾದ ಮೇಲೆ ಮೇವಿಗಾಗಿ ಮೇಲೇರುತ್ತವೆ, ಹಾಗಾಗಿ ಎರಡು ಹೊತ್ತಿನ ಬಲೆಯಲ್ಲಿ ಸಿಗುವ ಜೀವರಾಶಿಯೇ ಬೇರೆ ಬೇರೆ. ಬಲೆ ಮೇಲೆ ಬಂದಮೇಲೆ ಓಲಾಡುವ ಹಡಗಿನಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ, ಚಿಮಟದಿಂದ ಪ್ಲಾಸ್ಟಿಕ್ ಚೂರುಗಳನ್ನು ಹೆಕ್ಕಿ ಎಣಿಸಬೇಕು. ಹೆಚ್ಚಿನವು ಕೆಲವೇ ಮಿಲಿಮೀಟರಿನವು.

1986ರಿಂದ 2008ರವರೆಗೆ ಇಂತಹ 6100ಕ್ಕೂ ಹೆಚ್ಚು ಬಲೆಗಳಲ್ಲಿ 64,000ಕ್ಕೂ ಮೀರಿದ ಚೂರುಗಳು ಸಿಕ್ಕವು. 2010ರ ಆ ಪ್ರಬಂಧದಲ್ಲಿ ಸಾಗರ ವಿಜ್ಞಾನಿ ಕಾರಾ ಲ್ಯಾವೆಂಡರ್ ಲಾ ಮತ್ತು ಸಂಗಡಿಗರು ಈ ಲೆಕ್ಕವನ್ನು ನಕ್ಷೆಯ ಮೇಲಿಟ್ಟಾಗ ಚಿತ್ರ ಸ್ಪಷ್ಟವಾಯಿತು: ಚೂರುಗಳಲ್ಲಿ ಶೇ. 80ಕ್ಕೂ ಹೆಚ್ಚು ಉತ್ತರ ಅಕ್ಷಾಂಶ 22ರಿಂದ 38 ಡಿಗ್ರಿಗಳ ನಡುವೆ, ಸಾಗರ ಪ್ರವಾಹಗಳು ಸುತ್ತುಹಾಕುವ ವಲಯದಲ್ಲಿ ಸೇರಿದ್ದವು. ಇನ್ನೊಂದು ಸಂಗತಿ ವಿಜ್ಞಾನಿಗಳಿಗೇ ಒಗಟಾಯಿತು. ಆ 22 ವರ್ಷಗಳಲ್ಲಿ ಜಗತ್ತಿನ ಪ್ಲಾಸ್ಟಿಕ್ ತಯಾರಿಕೆ ಭಾರಿ ಏರಿದ್ದರೂ ಅಲ್ಲಿನ ಮೇಲ್ಮೈ ನೀರಿನಲ್ಲಿ ಪ್ಲಾಸ್ಟಿಕ್ ಸಾಂದ್ರತೆ ಏರಿದ್ದು ಕಾಣಲಿಲ್ಲ. ಬಲೆಯ ಕಣ್ಣಿಗೂ ಸಿಗದಷ್ಟು ಪುಡಿಯಾಯಿತೇ, ಪಾಚಿ ಮೆತ್ತಿ ಮುಳುಗಿತೇ, ಜೀವಿಗಳ ಹೊಟ್ಟೆ ಸೇರಿತೇ? ಕಾಣೆಯಾದ ಪ್ಲಾಸ್ಟಿಕ್‌ನ ಹುಡುಕಾಟಕ್ಕೆ ಇದು ದೊಡ್ಡ ಒತ್ತು ಕೊಟ್ಟಿತು.

ವಿದ್ಯಾರ್ಥಿಗಳು ಬದಲಾದರೂ ಅಳತೆಯ ವಿಧಾನ ಬದಲಾಗಲಿಲ್ಲ ಎಂಬುದೇ ಇಲ್ಲಿ ಎಲ್ಲಕ್ಕಿಂತ ಮೆಚ್ಚಬೇಕಾದ ಮಾತು. ಪ್ರತಿ ತಂಡಕ್ಕೂ ಹೊಸ ಪ್ರಾಜೆಕ್ಟ್ ಕೊಟ್ಟು, ವರದಿ ಬರೆಸಿ, ಕಪಾಟಿಗೆ ಸೇರಿಸಿದ್ದರೆ ಈ ಲೆಕ್ಕ ಎಂದೂ ಕೂಡಿಬರುತ್ತಿರಲಿಲ್ಲ.

ಇದೇ ಹಡಗುಗಳಿಂದ ಇನ್ನೊಂದು ಒಗಟಿನ ಎಳೆಯೂ ಸಿಕ್ಕಿತು. 2011ರಿಂದ ಕೆರಿಬಿಯನ್ ತೀರಗಳಿಗೆ ಸಾರ್ಗಾಸಮ್ ಎಂಬ ತೇಲುವ ಕಂದು ಕಡಲಕಳೆ ರಾಶಿರಾಶಿಯಾಗಿ ಬಂದು ಬಿದ್ದು ಕೊಳೆಯತೊಡಗಿತು. ಈ ಕಳೆಗೇ ಹೆಸರಾದ, ಉತ್ತರ ಅಟ್ಲಾಂಟಿಕ್‌ನ ಸಾರ್ಗಾಸೊ ಸಮುದ್ರದಿಂದಲೇ ಬಂದಿರಬೇಕು ಎಂದು ಅನ್ನಿಸುವುದು ಸಹಜ. ಹಡಗಿನಲ್ಲಿ ಕಳೆಯನ್ನು ಕೈಗೆತ್ತಿಕೊಂಡು ಎಲೆಯ ಅಗಲ, ಕಾಂಡದ ಮುಳ್ಳು, ಗಾಳಿಗುಳ್ಳೆಯ ತುದಿ ನೋಡಿ ವಿಂಗಡಿಸಿದಾಗ ಬೇರೆಯೇ ಕಂಡಿತು: ಅಗಲ ಎಲೆಯ, ಮೊದಲು ಅಪರೂಪವಾಗಿದ್ದ ಬಗೆಯೊಂದು ಕೆರಿಬಿಯನ್‌ಗೆ ಬಂದ ಕಳೆಯಲ್ಲಿ ಮೇಲುಗೈ ಪಡೆದಿತ್ತು. ಸೀ ಎಜುಕೇಷನ್ ಅಸೋಸಿಯೇಷನ್‌ನ ಸಂಶೋಧಕರು 2015ರಲ್ಲಿ ಇದನ್ನು ಪ್ರಕಟಿಸಿದರು. ಉಪಗ್ರಹ ಕಳೆಯ ಹರವನ್ನು ತೋರಿಸಬಲ್ಲದು. ಕಾಂಡದಲ್ಲಿ ಮುಳ್ಳಿದೆಯೇ ಎಂದು ನೋಡಲು ಹಡಗಿನಲ್ಲಿ ಒಬ್ಬರು ಇರಲೇಬೇಕು.

ಇಂತಹ ಸೆಮಿಸ್ಟರ್ ದುಬಾರಿ. ಕರ್ನಾಟಕದಲ್ಲಿ ಕಡಲನ್ನು ಓದುವವರಿಗೆ ಬೇರೆ ದಾರಿಯೂ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದಲ್ಲಿದೆ, 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲಿದೆ. ಅಲ್ಲಿ ಓದಿ ಸಂಶೋಧನೆಗೆ ಇಳಿಯುವವರಿಗೆ ಹೆಚ್ಚು ಹೊಂದುವ ದಾರಿ ‘ಪೋಗೊ’ ಮತ್ತು ‘ಸ್ಕೋರ್’ ಎಂಬ ಅಂತರರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಗಳ ಫೆಲೋಶಿಪ್. ಅಭಿವೃದ್ಧಿಶೀಲ ದೇಶಗಳ ಎಳೆಯ ಸಂಶೋಧಕರಿಗೆಂದು 2001ರಲ್ಲಿ ಶುರುವಾದ ಈ ಯೋಜನೆಯಲ್ಲಿ ಒಂದರಿಂದ ಮೂರು ತಿಂಗಳು ವಿದೇಶದ ಪ್ರಯೋಗಾಲಯದಲ್ಲಿ ಸಾಗರ ವೀಕ್ಷಣೆಯ ನಿರ್ದಿಷ್ಟ ವಿಧಾನವೊಂದನ್ನು ಕಲಿಯಬಹುದು. ಕಲಿತದ್ದನ್ನು ಊರಿಗೆ ಮರಳಿದ ಮೇಲೆ ತಮ್ಮ ಸಂಸ್ಥೆಯಲ್ಲಿ ಬಳಕೆಗೆ ತರಬೇಕೆಂಬುದು ಅದರ ಆಶಯ.