ಉತ್ತರಪತ್ರಿಕೆಯ ಕೊನೆಯ ಸಾಲು

ಪರೀಕ್ಷೆಯ ದಿನಗಳಲ್ಲಿ ನಮ್ಮ ಮುಂಬಯಿಯ ಶಾಲೆಗಳಲ್ಲಿ ಕಾಣುವ ನೋಟ ವಿದ್ಯಾರ್ಥಿಮಿತ್ರರಿಗೆ ಹೊಸದಲ್ಲ. ಬಾಗಿಲಲ್ಲಿ ಅಂಗಿಯ ಜೇಬು, ಕಂಪಾಸು ಪೆಟ್ಟಿಗೆಗಳ ತಪಾಸಣೆ. ಒಳಗೆ ಮೇಲ್ವಿಚಾರಕರ ತಿರುಗಾಟ. ಸಾಲದುದಕ್ಕೆ ಯಾವ ಗಳಿಗೆಯಲ್ಲಾದರೂ ಬಂದಿಳಿಯಬಹುದಾದ 'ಭರಾರಿ ಪಥಕ'. ಇವೆಲ್ಲದರ ಬೆನ್ನಿಗೆ 1982ರಲ್ಲಿ ಮಹಾರಾಷ್ಟ್ರವು ಮಾಡಿದ ಕಾನೂನೊಂದಿದೆ. ಬೋರ್ಡಿನ ಮತ್ತು ವಿಶ್ವವಿದ್ಯಾನಿಲಯಗಳ ಪರೀಕ್ಷೆಗಳಲ್ಲಿ ನಡೆಯುವ ಅಕ್ರಮಗಳನ್ನು ಅದು ಅಪರಾಧಗಳೆಂದೇ ಪರಿಗಣಿಸುತ್ತದೆ. ಕಾವಲು ಇಷ್ಟು ಬಿಗಿಯಾಗಿದ್ದರೂ ನಕಲು ನಿಂತುಹೋಗಿದೆಯೆಂದು ಎದೆ ತಟ್ಟಿ ಹೇಳಬಲ್ಲ ಮುಖ್ಯೋಪಾಧ್ಯಾಯರು ಎಲ್ಲಿಯೂ ಸಿಗಲಾರರು.

ಕಾವಲನ್ನೇ ತೆಗೆದುಹಾಕಿದರೆ ಏನಾದೀತು? ಇದನ್ನು ಪ್ರಯೋಗಿಸಿ ನೋಡಿದ ವಿಶ್ವವಿದ್ಯಾನಿಲಯವೊಂದು ಅಮೆರಿಕದ ವರ್ಜೀನಿಯ ರಾಜ್ಯದ ಶಾರ್ಲಟ್ಸ್‌ವಿಲ್ ಎಂಬ ಊರಿನಲ್ಲಿದೆ. ಅದರ ಕಥೆ ನೂರ ಎಂಬತ್ತು ವರ್ಷಗಳಿಗೂ ಮಿಕ್ಕಿದುದು, ಅಷ್ಟೇನೂ ನೇರವಾದುದಲ್ಲ.

ಅಮೆರಿಕದ ಮೂರನೆಯ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ವರ್ಜೀನಿಯ ವಿಶ್ವವಿದ್ಯಾನಿಲಯವನ್ನು 1819ರಲ್ಲಿ ಸ್ಥಾಪಿಸಿದನು. ಪಾಠಗಳು ಆರಂಭವಾದುದು 1825ರಲ್ಲಿ. ತರುಣರನ್ನು ನಂಬಿ ಬಿಟ್ಟರೆ ಅವರು ತಮ್ಮನ್ನು ತಾವೇ ಆಳಿಕೊಳ್ಳುವರೆಂಬುದು ಅವನ ಆಸೆ. ಆ ವರ್ಷವೇ ವಿದ್ಯಾರ್ಥಿಗಳು ರಾತ್ರಿ ಹೊತ್ತು ದೊಂಬಿಯೆಬ್ಬಿಸಿ ಪ್ರಾಧ್ಯಾಪಕರ ಮೇಲೆ ಏರಿಹೋದರು. ಎಂಬತ್ತೆರಡು ವರ್ಷದ ಮುದುಕ ಜೆಫರ್ಸನ್ ಅವರೆದುರು ಬುದ್ಧಿ ಹೇಳಲು ಎದ್ದು ನಿಂತನು. ಆದರೆ ಗಂಟಲು ಕಟ್ಟಿಬಂದು ಮಾತನಾಡಲಾರದೆ ಕುಳಿತುಬಿಟ್ಟನು. ಮುಂದೆ ನಿಯಮಗಳು ಬಿಗಿಯಾದವು. ಬಿಗಿಯಾದಂತೆ ಗುರುಶಿಷ್ಯರ ನಡುವಣ ಹಗೆಯೂ ಬೆಳೆಯಿತು. 1840ರ ನವೆಂಬರ್ 12ರ ರಾತ್ರಿ, ಮುಖವಾಡ ಧರಿಸಿ ಗದ್ದಲವೆಬ್ಬಿಸುತ್ತಿದ್ದ ವಿದ್ಯಾರ್ಥಿಯೊಬ್ಬನ ಮುಖ ಕಾಣಬೇಕೆಂದು ಹೊರಬಂದ ಜಾನ್ ಡೇವಿಸ್ ಎಂಬ ನ್ಯಾಯಶಾಸ್ತ್ರದ ಪ್ರಾಧ್ಯಾಪಕನನ್ನು ಆ ಹುಡುಗನು ಪಿಸ್ತೂಲಿನಿಂದ ಹೊಡೆದನು. ಎರಡು ದಿನಗಳಲ್ಲಿ ಡೇವಿಸ್ ತೀರಿಕೊಂಡನು.

ಅವನ ಸ್ಥಾನಕ್ಕೆ ಬಂದ ಹೆನ್ರಿ ಸೇಂಟ್ ಜಾರ್ಜ್ ಟಕರ್ ಎಂಬ ಪ್ರಾಧ್ಯಾಪಕನು 1842ರ ಜುಲೈ 4ರಂದು ಸಹೋದ್ಯೋಗಿಗಳ ಮುಂದೆ ಒಂದು ಗೊತ್ತುವಳಿಯನ್ನಿಟ್ಟನು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಉತ್ತರಪತ್ರಿಕೆಯ ಜೊತೆಗೆ, ಪರೀಕ್ಷೆಯ ಕಾಲದಲ್ಲಿ ತಾನು ಎಲ್ಲಿಂದಲೂ ಯಾವ ನೆರವನ್ನೂ ಪಡೆದಿಲ್ಲವೆಂದು ತನ್ನ ಮಾನದ ಮೇಲೆ ಬರೆದುಕೊಡತಕ್ಕದ್ದು. ಇಷ್ಟೇ. ಕೊಲೆಯ ಬೆನ್ನಿಗೆ ಕಾವಲನ್ನು ಇಮ್ಮಡಿ ಮಾಡುವುದು ಸಹಜವಾಗಿರುತ್ತಿತ್ತು. ಟಕರ್ ಅದರ ತದ್ವಿರುದ್ಧ ದಾರಿಯನ್ನು ಹಿಡಿದನು. ಬರೆದುಕೊಟ್ಟವನ ಮಾತನ್ನು ನಂಬುವುದು, ಮಾತಿಗೆ ತಪ್ಪಿದವನನ್ನು ಅವನ ಸಹಪಾಠಿಗಳೇ ವಿಚಾರಿಸುವುದು ಎಂಬ ರೂಢಿ ಅಲ್ಲಿ ಕ್ರಮೇಣ ಬೇರೂರಿತು. ಇದಕ್ಕೆ 'ಆನರ್' ಪದ್ಧತಿಯೆಂದು ಹೆಸರು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆ ಕಾಲದ ವರ್ಜೀನಿಯದಲ್ಲಿ ಮಾನವೆಂಬುದು ಎಲ್ಲರ ಸೊತ್ತಾಗಿರಲಿಲ್ಲ. ವಿದ್ಯಾರ್ಥಿಗಳಲ್ಲಿ ಬಹುಮಂದಿ ಜಮೀನ್ದಾರರ ಮಕ್ಕಳು. ಅವರು ವಾಸವಾಗಿದ್ದ ಕಟ್ಟಡಗಳನ್ನು ಕಟ್ಟುವುದರಲ್ಲಿ ದುಡಿದವರೂ, ಅವರಿಗೆ ಅಡಿಗೆ ಮಾಡಿ ನೀರು ಹೊತ್ತವರೂ ಗುಲಾಮರು. ಕಪ್ಪು ವರ್ಣದ ವಿದ್ಯಾರ್ಥಿಯೊಬ್ಬನಿಗೆ ಅಲ್ಲಿ ಪ್ರವೇಶ ದೊರೆತುದು 1950ರಲ್ಲಿ; ಅದೂ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದ ಮೇಲೆ. ಒಳ್ಳೆಯ ಪದ್ಧತಿಯೊಂದು ಹುಟ್ಟಿದ ಮನೆ ಒಳ್ಳೆಯದೇ ಆಗಿರಬೇಕೆಂಬ ನಿಯಮವಿಲ್ಲವಷ್ಟೆ.

ಟಕರನ ಪ್ರತಿಜ್ಞೆಯಲ್ಲಿ ನೆರವನ್ನು ಪಡೆಯುವ ಮಾತು ಮಾತ್ರ ಇದ್ದಿತು. ಇಂದಿನ ಪ್ರತಿಜ್ಞೆ ಹಾಗಲ್ಲ. ತಾನು ನೆರವನ್ನು ಪಡೆದಿಲ್ಲ, ಕೊಟ್ಟೂ ಇಲ್ಲ ಎಂದು ವಿದ್ಯಾರ್ಥಿಯು ಉತ್ತರದ ಕೆಳಗೆ ಬರೆದು ರುಜು ಹಾಕಬೇಕು. ಈ 'ಕೊಟ್ಟೂ ಇಲ್ಲ' ಎಂಬುದು ನಮ್ಮವರಿಗೆ ಸುಲಭವಾಗಿ ಜೀರ್ಣವಾಗುವ ಮಾತಲ್ಲ. ಕೇಳಿದವನಿಗೆ ತೋರಿಸದಿರುವುದು ಜಿಪುಣತನವೆಂದು, ಸ್ನೇಹದ್ರೋಹವೆಂದು ನಾವು ಬಗೆಯುತ್ತೇವೆ. ನಾನೂ ಹಾಗೆಯೇ ಬಗೆದಿದ್ದೆನು. ಕಾಲೇಜಿನ ಒಂದು ಪರೀಕ್ಷೆಯಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಒಬ್ಬ ಗೆಳೆಯನಿದ್ದನು, ನಮ್ಮ ಚಾಳಿನವನೇ, ಹಗಲೆಲ್ಲ ಹೋಟೆಲಿನ ಗಲ್ಲೆಯಲ್ಲಿ ಕುಳಿತು ರಾತ್ರಿ ಓದುತ್ತಿದ್ದವನು. ಅವನು ಮೆಲ್ಲನೆ ಕೇಳಿದನು. ನಾನು ಬರೆದ ಹಾಳೆಯನ್ನು ಮೇಜಿನ ಅಂಚಿಗೆ ಸರಿಸಿದೆನು. ಸ್ವಲ್ಪ ಹೊತ್ತಿನಲ್ಲಿ ಮೇಲ್ವಿಚಾರಕರು ಬಂದು ಅವನ ಪತ್ರಿಕೆಯನ್ನು ಕಿತ್ತುಕೊಂಡರು. ಅವನ ಒಂದು ವರ್ಷ ಹೋಯಿತು. ಯಾರದನ್ನು ನೋಡಿ ಬರೆದೆ ಎಂದು ಕೇಳಿದಾಗ ಅವನು ನನ್ನ ಹೆಸರನ್ನು ಹೇಳಲಿಲ್ಲ. ನಾನೂ ಹೇಳಿಕೊಳ್ಳಲಿಲ್ಲ.

ವರ್ಜೀನಿಯದಲ್ಲಾಗಿದ್ದರೆ ನಾವಿಬ್ಬರೂ ಹೊರಬೀಳುತ್ತಿದ್ದೆವು. ಅಲ್ಲಿ ವಿಚಾರಣೆ ನಡೆಸುತ್ತಿದ್ದವರು ಪ್ರಾಧ್ಯಾಪಕರಲ್ಲ. ವಿದ್ಯಾರ್ಥಿಗಳೇ ಆರಿಸಿದ ಸಮಿತಿ. ಆರೋಪಿಯು ಆ ಕೃತ್ಯವನ್ನು ಮಾಡಿದನೆ, ತಿಳಿದು ಮಾಡಿದನೆ, ಅದು ಗಣನೆಗೆ ಬರುವಷ್ಟು ದೊಡ್ಡದೆ ಎಂಬ ಮೂರು ಪ್ರಶ್ನೆಗಳನ್ನು ಅವರು ಕೇಳುತ್ತಿದ್ದರು. ಮೂರಕ್ಕೂ 'ಹೌದು' ಎಂದಾದರೆ ದಂಡನೆ ಒಂದೇ ಒಂದು: ವಿಶ್ವವಿದ್ಯಾನಿಲಯದಿಂದ ಶಾಶ್ವತವಾಗಿ ಉಚ್ಚಾಟನೆ. ಒಂದು ಸಾಲು ಕದ್ದವನಿಗೂ ಅದೇ, ಇಡೀ ಪ್ರಬಂಧವನ್ನು ಕದ್ದವನಿಗೂ ಅದೇ.

ಈ ವ್ಯವಸ್ಥೆಗೆ ದೊಡ್ಡ ಪರೀಕ್ಷೆ ಒದಗಿದುದು 2001ರಲ್ಲಿ. ಲೂಯಿಸ್ ಬ್ಲೂಮ್‌ಫೀಲ್ಡ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ದಿನಬಳಕೆಯ ವಸ್ತುಗಳು ಕೆಲಸ ಮಾಡುವ ಬಗೆಯನ್ನು ನೂರಾರು ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದರು. ತರಗತಿಯಲ್ಲಿ ಕೆಲವರು ಹಳೆಯ ಪ್ರಬಂಧಗಳನ್ನು ನಕಲು ಮಾಡುತ್ತಿರುವರೆಂಬ ದೂರು ಅವರ ಕಿವಿಗೆ ಬಿದ್ದಿತು. ಹಲವು ಅವಧಿಗಳ ಪ್ರಬಂಧಗಳು ಗಣಕಯಂತ್ರದಲ್ಲಿ ಸಂಗ್ರಹವಾಗಿದ್ದುವು. ಅವುಗಳನ್ನು ಒಂದರೊಡನೊಂದು ಹೋಲಿಸಿ, ಸಾಲಾಗಿ ಆರು ಪದಗಳು ಒಂದೇ ಆಗಿರುವ ಕಡೆಗಳನ್ನೆಲ್ಲ ಗುರುತಿಸುವಂತೆ ಅವರೇ ಒಂದು ಕ್ರಮವಿಧಿಯನ್ನು ಬರೆದರು. ಒಂದೇ ವಿಷಯದ ಮೇಲೆ ಬರೆಯುವ ಇಬ್ಬರಿಗೆ ಎರಡು ಮೂರು ಪದಗಳು ಒಂದೇ ಕ್ರಮದಲ್ಲಿ ಬರುವುದುಂಟು. ಆರಾರು ಪದಗಳ ಸರಪಣಿಗಳು ಪುಟ ಪುಟಗಳಲ್ಲಿ ಹೊಂದಿಕೊಂಡರೆ ಅದು ಆಕಸ್ಮಿಕವಾಗಿರಲಾರದು.

ಮೊದಲ ಲೆಕ್ಕದಲ್ಲಿ ಸಿಕ್ಕಿದವರು 122 ಮಂದಿ. ಕೊನೆಗೆ ಆ ಸಂಖ್ಯೆ 158ಕ್ಕೇರಿತು. ಆದರೆ ಯಂತ್ರಕ್ಕೆ ಎರಡು ಪ್ರಬಂಧಗಳ ಸಾಮ್ಯ ಕಾಣುತ್ತದೆ. ಕೊಟ್ಟವನಾರು, ಪಡೆದವನಾರು, ಯಾರಿಗೂ ಅರಿಯದಂತೆ ಯಾರದು ಕಳುವಾಯಿತು ಎಂಬುದು ಕಾಣುವುದಿಲ್ಲ. ಅದನ್ನು ಪತ್ತೆಹಚ್ಚಲು ಸಮಿತಿಯ ಹುಡುಗ ಹುಡುಗಿಯರು ಒಂದು ವರ್ಷಕ್ಕೂ ಮಿಕ್ಕಿ ತಮ್ಮ ಓದನ್ನು ಬದಿಗಿಟ್ಟು ಕುಳಿತರು. ಬಹಳ ಮಂದಿ ಆರೋಪಮುಕ್ತರಾದರು. ಮೂಲ ಪ್ರಬಂಧವನ್ನು ಬರೆದ ನಿರಪರಾಧಿಗಳೂ ಅವರಲ್ಲಿದ್ದರು. 48 ಮಂದಿ ಉಚ್ಚಾಟಿತರಾದರು, ಇಲ್ಲವೆ ತಾವಾಗಿ ಹೊರನಡೆದರು. ಪದವಿ ಪಡೆದು ಹೋಗಿದ್ದ ಕೆಲವರ ಪದವಿಗಳೂ ರದ್ದಾದುವು. (ಈಗ ಕೃತಕ ಬುದ್ಧಿಯ ಯಂತ್ರಗಳು ಕೇಳಿದೊಡನೆ ಹೊಸ ಪ್ರಬಂಧವನ್ನೇ ಹೆಣೆದುಕೊಡುತ್ತವೆ. ಆರು ಪದಗಳ ಬಲೆಗೆ ಅವು ಬೀಳಲಾರವು.)

ಒಂದೇ ದಂಡನೆಯ ಕುಂದು ದಿನಗಳೆದಂತೆ ಸ್ಪಷ್ಟವಾಗತೊಡಗಿತು. ತಪ್ಪು ಕಣ್ಣಿಗೆ ಬಿದ್ದರೂ, ಹೇಳಿದರೆ ಪಕ್ಕದವನ ಬಾಳೇ ಮುಗಿಯಿತೆಂದು ಹೆದರಿ ಸುಮ್ಮನಾಗುವವರು ಇದ್ದರು. ಕೃತ್ಯ ನಿಜವೆಂದು ಕಂಡರೂ ನಿರ್ಣಯಿಸುವವರ ಕೈ ನಡುಗುತ್ತಿತ್ತು. 'ಗಣನೆಗೆ ಬರುವಷ್ಟು ದೊಡ್ಡದಲ್ಲ' ಎಂಬ ಕಿಂಡಿಯಿಂದ ಬಿಟ್ಟುಬಿಡುವ ದಾರಿ ತೆರೆದೇ ಇದ್ದಿತು. ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳ ಮೇಲೆ ದೂರುಗಳು ಹೆಚ್ಚಾಗಿ ಬೀಳುತ್ತಿವೆಯೆಂಬ ಆಕ್ಷೇಪವೂ ಎದ್ದಿತು. ನನಗೆ ತೋರುವಂತೆ, ಅತಿ ಕಠಿಣವಾದ ದಂಡನೆಯು ಅತಿ ಸಡಿಲವಾದ ದಂಡನೆಯ ಹತ್ತಿರವೇ ಬಂದು ನಿಲ್ಲುತ್ತದೆ. ವಿಧಿಸಲು ಯಾರಿಗೂ ಮನಸ್ಸು ಬಾರದ ಶಿಕ್ಷೆ ಪುಸ್ತಕದಲ್ಲಷ್ಟೇ ಉಳಿಯುವುದು.

ಬದಲಾವಣೆಯನ್ನು ತಂದವರೂ ವಿದ್ಯಾರ್ಥಿಗಳೇ. 2013ರಲ್ಲಿ ಅವರು ಒಂದು ಮತದಾನದಿಂದ, ದೂರು ಬಂದ ಮೇಲೆ ಏಳು ದಿನಗಳೊಳಗೆ ತಪ್ಪನ್ನೊಪ್ಪಿಕೊಂಡವನು ಒಂದು ವರ್ಷ ಹೊರಗಿದ್ದು ಮರಳಿ ಬರಬಹುದೆಂದು ಗೊತ್ತುಮಾಡಿದರು. 2022ರಲ್ಲಿ ನಡೆದ ಮತದಾನದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮತಗಳು ಶಾಶ್ವತ ಉಚ್ಚಾಟನೆಯ ಬದಲಿಗೆ ಎರಡು ಅವಧಿಗಳ ಅಮಾನತನ್ನು ಬಯಸಿದುವು. ಮರುವರ್ಷವೇ ಇನ್ನೊಂದು ವಿಧಾನವನ್ನು ಒಪ್ಪಲಾಯಿತು: ತಪ್ಪಾಯಿತೆ ಎಂದು ಮೊದಲು ತೀರ್ಮಾನಿಸುವುದು, ಆ ಬಳಿಕ ತಪ್ಪಿನ ತೂಕವನ್ನೂ ತಪ್ಪು ಮಾಡಿದವನ ಸ್ಥಿತಿಯನ್ನೂ ನೋಡಿ ದಂಡನೆಯನ್ನು ಬೇರೆಯಾಗಿ ಗೊತ್ತುಪಡಿಸುವುದು. ಆದ ಕೇಡನ್ನು ಸರಿಪಡಿಸಿಕೊಡುವುದು, ತಿಳಿವಳಿಕೆಯ ಪಾಠಕ್ಕೆ ಕೂರುವುದು, ಕೆಲಕಾಲದ ಅಮಾನತು ಇವೆಲ್ಲ ಈಗ ಅಲ್ಲಿನ ದಂಡನೆಗಳ ಸಾಲಿನಲ್ಲಿವೆ. ಉಚ್ಚಾಟನೆಯೂ ಅದರ ಕೊನೆಯಲ್ಲಿ ಉಳಿದಿದೆ. ಉತ್ತರದ ಕೆಳಗೆ ಪ್ರತಿಜ್ಞೆಯ ಆ ಒಂದು ಸಾಲನ್ನು ವಿದ್ಯಾರ್ಥಿಗಳು ಈಗಲೂ ಬರೆಯುತ್ತಾರೆ.