ರಿವರ್ಸ್ ಬೀಳ್ತಿಲ್ಲ ಅಂದ್ರೆ ಗೇರ್ ಬಾಕ್ಸ್ ಹೋಯ್ತು ಅಂತಲ್ಲ

ದಸರಾ ರಜೆ. ಹಾಸನದಿಂದ ಧರ್ಮಸ್ಥಳಕ್ಕೆ ಹೊರಟಿದ್ದೆವು. ಅಜ್ಜಿ, ಚಿಕ್ಕಮ್ಮನ ಮಕ್ಕಳು ಎಲ್ಲ ಸೇರಿ ಏಳು ಸೀಟಿನ ಗಾಡಿಯಲ್ಲಿ ಎಂಟು ಜನ. ಡೀಸೆಲ್ ಎಸ್‌ಯುವಿ, ಸೆಕೆಂಡ್ ಹ್ಯಾಂಡ್, ಮೀಟರಿನಲ್ಲಿ ಒಂದು ಲಕ್ಷ ನಲವತ್ತು ಸಾವಿರ ಕಿಲೋಮೀಟರ್. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಡೋಣ ಅಂತ ಅಪ್ಪ ರಿವರ್ಸ್ ಹಾಕಿದ್ರೆ 'ಕರ್ರ್ರ್' ಅಂತ ಹಲ್ಲು ಕಡಿದ ಸದ್ದು. ಮೂರನೇ ಸಲಕ್ಕೆ ಹೇಗೋ ಬಿತ್ತು. ಘಾಟಿ ಇಳಿಯುವಾಗಲೂ ಅಷ್ಟೇ, ಮೂರರಿಂದ ಎರಡಕ್ಕೆ ಬರೋಕೆ ಗೇರ್ ಲಿವರ್ ಜೊತೆ ಕುಸ್ತಿ. ಆದರೂ ಹೋಗಿ, ದರ್ಶನ ಮಾಡಿ, ಅದೇ ಚಾರ್ಮಾಡಿ ಹತ್ತಿ ವಾಪಸ್ ಬಂದೆವು.

ಮರುದಿನ ಗ್ಯಾರೇಜಿನಲ್ಲಿ ಒಂದು ರೌಂಡ್ ಓಡಿಸಿ ನೋಡಿ, "ಬಾಕ್ಸ್ ಇಳಿಸ್ಬೇಕು ಸಾರ್, ಸಿಂಕ್ರೊ ಸೆಟ್ ಪೂರ್ತಿ ಹೋಗಿದೆ, ನಲವತ್ತೈದು ಸಾವಿರ ಇಟ್ಕೊಳಿ" ಅಂದ್ರು. ಅಪ್ಪ ನನ್ನ ಮುಖ ನೋಡಿದ್ರು. ಮೆಕ್ಯಾನಿಕಲ್ ಐದನೇ ಸೆಮ್ ಮಗ ಏನಾದ್ರೂ ಹೇಳ್ತಾನೇನೋ ಅಂತ. ಎಪಿಸೈಕ್ಲಿಕ್ ಗೇರ್ ಟ್ರೇನಿನ ಟೇಬಲ್ ಹಾಕಿ ಇಪ್ಪತ್ತು ಮಾರ್ಕ್ಸ್ ತಗೊಂಡಿದ್ದ ನನಗೆ ಏನೂ ತೋಚಲಿಲ್ಲ.

ತೋಚಿದ್ದು ದೊಡ್ಡಪ್ಪನಿಗೆ. ಮೂವತ್ತು ವರ್ಷ ಲಾರಿ ಓಡಿಸಿದವರು. ಸಂಜೆ ಬಂದು, "ಇಂಜಿನ್ ಆಫ್ ಮಾಡಿ ಗೇರ್ ಹಾಕ್ ನೋಡೋ" ಅಂದ್ರು. ಹಾಕಿದೆ. ಒಂದು, ಎರಡು, ಮೂರು, ರಿವರ್ಸ್ — ಎಲ್ಲವೂ ಬೆಣ್ಣೆಯಲ್ಲಿ ಚಾಕು ಇಟ್ಟ ಹಾಗೆ. "ಈಗ ಸ್ಟಾರ್ಟ್ ಮಾಡು. ಕ್ಲಚ್ಚನ್ನ ಮೂರ್ನಾಲ್ಕು ಸಲ ಪಂಪ್ ಮಾಡಿ ಹಾಕು." ಇಂಜಿನ್ ಓಡ್ತಿದ್ದರೂ ರಿವರ್ಸ್ ಸದ್ದಿಲ್ಲದೆ ಬಿತ್ತು. "ಬಾಕ್ಸಿಗೆ ಏನೂ ಆಗಿಲ್ಲ, ಕ್ಲಚ್ ಬಿಡಿಸ್ತಿಲ್ಲ" ಅಂತ ಹೇಳಿ ಕಾಫಿ ಕೇಳಿದ್ರು.

ಆ ಎರಡು ಪರೀಕ್ಷೆಗಳ ಹಿಂದೆ ಇರೋದು ನಾವು ಓದಿದ್ದೇ. ಕ್ಲಚ್ ತುಳಿದಾಗ ಇಂಜಿನ್ನಿಗೂ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿಗೂ ಸಂಬಂಧ ಪೂರ್ತಿ ಕಡಿಯಬೇಕು. ಆಗ ಶಾಫ್ಟ್ ತಾನಾಗಿ ನಿಧಾನವಾಗಿ ನಿಲ್ಲುತ್ತೆ. ಕ್ಲಚ್ ಅರ್ಧಂಬರ್ಧ ಬಿಟ್ಟರೆ ಪ್ಲೇಟ್ ಫ್ಲೈವೀಲಿಗೆ ಉಜ್ಜಿಕೊಂಡೇ ಇರುತ್ತೆ, ಶಾಫ್ಟ್ ತಿರುಗ್ತಾನೇ ಇರುತ್ತೆ. ಹಳೆಯ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ರಿವರ್ಸಿಗೆ ಸಿಂಕ್ರೊನೈಸರ್ ಇರೋಲ್ಲ. ನೇರ ಹಲ್ಲಿನ ಒಂದು ಐಡ್ಲರ್ ಗೇರ್ ಸರಿದು ಬಂದು ನಡುವೆ ಕೂರಬೇಕು. ತಿರುಗ್ತಿರೋ ಹಲ್ಲಿಗೆ ನಿಂತ ಹಲ್ಲು ತಾಗಿದ್ರೆ 'ಕರ್ರ್' ಅನ್ನದೆ ಇನ್ನೇನು ಅನ್ನುತ್ತೆ? ಅದಕ್ಕೇ ಕ್ಲಚ್ ಕೆಟ್ಟಾಗ ಮೊದಲು ದೂರು ಕೊಡೋದು ರಿವರ್ಸ್. (ಹಿಂದೆ ಹೋಗುವಾಗ ಬರುವ 'ಗುಂಯ್' ಸದ್ದೂ ಆ ನೇರ ಹಲ್ಲುಗಳದ್ದೇ. ಅದು ರೋಗ ಅಲ್ಲ, ಹುಟ್ಟುಗುಣ.)

ಎರಡನೇ ಗೇರಿನ ಕುಸ್ತಿಗೆ ಒಂದು ಲೆಕ್ಕ ಹಾಕೋಣ. 235/65 ಆರ್17 ಟೈರಿನ ಸುತ್ತಳತೆ ಸುಮಾರು 2.3 ಮೀಟರ್. ಗಂಟೆಗೆ 40 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 288 ಸುತ್ತು ತಿರುಗುತ್ತೆ. ಲೆಕ್ಕಕ್ಕೆ ಡಿಫರೆನ್ಷಿಯಲ್ ಅನುಪಾತ 4, ಮೂರನೇ ಗೇರ್ 1.5, ಎರಡನೆಯದು 2.2 ಅಂತ ಇಟ್ಟುಕೊಳ್ಳಿ. ಮೂರರಲ್ಲಿ ಇನ್‌ಪುಟ್ ಶಾಫ್ಟ್ ಸುಮಾರು 1,730 ಆರ್‌ಪಿಎಂನಲ್ಲಿ ಇರುತ್ತೆ, ಎರಡಕ್ಕೆ ಬರಬೇಕಾದರೆ 2,530ಕ್ಕೆ ಏರಬೇಕು. ಅಂದರೆ ನೀವು ಲಿವರ್ ಎಳೆಯೋ ಅರ್ಧ ಸೆಕೆಂಡಿನಲ್ಲಿ ಒಂದು ಪುಟ್ಟ ಹಿತ್ತಾಳೆ ಉಂಗುರ ತನ್ನ ಕೋನ್ ಮೇಲಿನ ಘರ್ಷಣೆಯಿಂದಲೇ ಕ್ಲಚ್ ಪ್ಲೇಟ್, ಇನ್‌ಪುಟ್ ಶಾಫ್ಟ್, ಕೌಂಟರ್ ಶಾಫ್ಟ್ ಇಷ್ಟನ್ನೂ 800 ಆರ್‌ಪಿಎಂ ಮೇಲೆತ್ತಬೇಕು. ವೇಗ ಸರಿಸಮ ಆಗೋವರೆಗೂ ಆ ಉಂಗುರ ಸ್ಲೀವನ್ನು ಮುಂದೆ ಬಿಡೋಲ್ಲ. ನಮ್ಮ ಕೈಗೆ 'ಗಟ್ಟಿ' ಅನ್ನಿಸೋದು ಆ ತಡೆಯೇ. ಕ್ಲಚ್ ಪೂರ್ತಿ ಬಿಡದಿದ್ದರೆ ಪಾಪ ಆ ಉಂಗುರ ಇಂಜಿನ್ನಿನ ಫ್ಲೈವೀಲನ್ನೂ ಎಳೆದಾಡಬೇಕು. ಹೀಗೆ ಕೆಲವು ತಿಂಗಳು ಓಡಿಸಿದರೆ ಉಂಗುರ ನಿಜವಾಗಿಯೂ ಸವೆಯುತ್ತೆ. ಆಮೇಲೆ ಆ ನಲವತ್ತೈದು ಸಾವಿರದ ಮಾತು ಸುಳ್ಳಲ್ಲ.

ದೊಡ್ಡಪ್ಪ ಕಾಫಿ ಮುಗಿಸಿ ಡ್ರೈವರ್ ಸೀಟಿನ ಕೆಳಗಿನ ಮ್ಯಾಟ್ ಎತ್ತಿಸಿದ್ರು. ಕ್ಲಚ್ ಪೆಡಲ್ ಮೇಲ್ಭಾಗದಿಂದ ಎಣ್ಣೆಯ ಹಾಗೆ ಒಂದು ಒದ್ದೆ ಗೆರೆ ಇಳಿದಿತ್ತು. ಮಾಸ್ಟರ್ ಸಿಲಿಂಡರಿನ ರಬ್ಬರ್ ಸೀಲ್ ಸೋತು ಬ್ರೇಕ್ ಆಯಿಲ್ ಒಳಗೆ ಸೋರ್ತಿತ್ತು. ಪೆಡಲ್ ತುಳಿದರೂ ಕೆಳಗಿನ ಸಿಲಿಂಡರ್ ತಳ್ಳಬೇಕಾದಷ್ಟು ದೂರ ತಳ್ಳುತ್ತಿರಲಿಲ್ಲ. ಪಂಪ್ ಮಾಡಿದಾಗ ಒಂದಿಷ್ಟು ಒತ್ತಡ ಕೂಡಿ ಕೆಲಸ ಆಗ್ತಿತ್ತು, ಅಷ್ಟೇ.

ಬಾನೆಟ್ ತೆಗೆದು ನೋಡಿದಾಗ ನನಗೆ ನಿಜಕ್ಕೂ ಹೆದರಿಕೆ ಆಯ್ತು. ಆಯಿಲ್ ಡಬ್ಬಿಯ ಮಟ್ಟ ಮಿನಿಮಮ್ ಗೆರೆಗಿಂತ ಕೆಳಗಿತ್ತು. ಯಾಕೆಂದರೆ ನಮ್ಮದೂ ಸೇರಿ ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಕ್ಲಚ್ಚಿಗೆ ಹೋಗುವ ಕೊಳವೆಯನ್ನು ಸಾಮಾನ್ಯವಾಗಿ ಡಬ್ಬಿಯ ಮೇಲ್ಮಟ್ಟದಲ್ಲಿ ಇಟ್ಟಿರುತ್ತಾರೆ, ಸೋರಿಕೆ ಆದರೆ ಮೊದಲು ಕ್ಲಚ್ ಸಾಯಲಿ, ಬ್ರೇಕಿಗೆ ಒಂದಿಷ್ಟು ಉಳಿಯಲಿ ಅಂತ. ಆ ವಿನ್ಯಾಸ ಮಾಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಆದರೆ ಎಂಟು ಜನರನ್ನು ಕೂರಿಸಿಕೊಂಡು ಚಾರ್ಮಾಡಿಯ ತಿರುವುಗಳನ್ನು ನಾವು ಇಳಿದಿದ್ದು ಆ ಡಬ್ಬಿಯ ತಳದಲ್ಲಿ ಉಳಿದಿದ್ದರ ಮೇಲೆ. ಸೀಟ್ ಕೆಳಗೆ ಟಾರ್ಚ್ ಹಿಡಿದು ನೋಡದೇ ಬಾಕ್ಸ್ ಇಳಿಸಿದ್ದರೆ ಹೊಸ ಸಿಂಕ್ರೊ ಹಾಕಿ, ಅದೇ ಸೋರಿಕೆ ಜೊತೆ ಗಾಡಿ ವಾಪಸ್ ಬರ್ತಿತ್ತು. ಸಿಲಿಂಡರ್, ಆಯಿಲ್, ಗಾಳಿ ತೆಗೆಯೋ ಕೂಲಿ ಎಲ್ಲ ಸೇರಿ ಖರ್ಚಾಗಿದ್ದು ನಾಲ್ಕು ಸಾವಿರದ ಒಳಗೆ.

ಅವತ್ತಿನಿಂದ ಸದ್ದು ಕೇಳಿದಾಗೆಲ್ಲ ನಾನು ಕೇಳಿಕೊಳ್ಳೋ ಪ್ರಶ್ನೆ ಒಂದೇ: ಈಗ ಯಾವ ಶಾಫ್ಟ್ ತಿರುಗ್ತಿದೆ? ಗಾಡಿ ನಿಂತಿದೆ, ನ್ಯೂಟ್ರಲ್, ಕಾಲು ಕ್ಲಚ್ ಮೇಲಿಲ್ಲ, 'ಗರಗರ' ಅಂತಿದೆ, ಕ್ಲಚ್ ತುಳಿದ ಕೂಡಲೇ ನಿಲ್ಲುತ್ತೆ ಅಂದ್ರೆ ಇನ್‌ಪುಟ್ ಅಥವಾ ಕೌಂಟರ್ ಶಾಫ್ಟಿನ ಬೇರಿಂಗ್ ಮೇಲೆ ಅನುಮಾನ. ಉಲ್ಟಾ, ತುಳಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್. ಒಂದೇ ಗೇರಿನಲ್ಲಿ ಮಾತ್ರ ಊಳಿಟ್ಟರೆ ಆ ಜೋಡಿಯ ಹಲ್ಲು. ಇನ್ನೊಂದು ನನಗೆ ತುಂಬಾ ಇಷ್ಟವಾದ ಸುಳಿವು: ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಐದು ಗೇರಿನ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ನೇರ ಗೇರ್. ಶಕ್ತಿ ಕೌಂಟರ್ ಶಾಫ್ಟಿಗೆ ಇಳಿಯದೆ ಸೀದಾ ಹಿಂದಕ್ಕೆ ಹೋಗುತ್ತೆ. ಮಿಕ್ಕೆಲ್ಲ ಗೇರಿನಲ್ಲಿ ಇದ್ದ ಗುನುಗು ನಾಲ್ಕರಲ್ಲಿ ತಗ್ಗಿದರೆ ದೋಷ ಕೌಂಟರ್ ಶಾಫ್ಟ್ ಕಡೆ. ಯಾವ ಗೇರಿಗೂ ಬದಲಾಗದೆ, ನ್ಯೂಟ್ರಲ್ಲಿನಲ್ಲಿ ಉರುಳಿಸಿದರೂ ಬಂದರೆ ಬಾಕ್ಸ್ ಬಿಟ್ಟು ಹಿಂದೆ ಹುಡುಕಿ.

ಹಿಂದೆ ಅಂದ್ರೆ ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಚಕ್ರದ ಬೇರಿಂಗ್. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ 'ಟಣ್' ಅಂದರೆ ಎಲ್ಲೋ ಸಡಿಲ ಇದೆ. ಬಹಳ ಸಲ ಅದು ಗ್ಯಾರೇಜಿನವರು 'ಕ್ರಾಸ್' ಅನ್ನೋ ಯೂನಿವರ್ಸಲ್ ಜಾಯಿಂಟ್, ನಮ್ಮ ಸಿಲಬಸ್ಸಿನ ಹುಕ್ಸ್ ಜಾಯಿಂಟ್. ಒಂದು ಜಾಯಿಂಟ್ ಕೋನದಲ್ಲಿ ತಿರುಗಿದರೆ ಔಟ್‌ಪುಟ್ ವೇಗ ಸುತ್ತಿಗೆ ಎರಡು ಸಲ ಏರಿಳಿಯುತ್ತೆ ಅಂತ ಡಿರೈವ್ ಮಾಡಿದ್ದೇವಲ್ಲ? ಶಾಫ್ಟಿನ ಎರಡೂ ತುದಿಯ ಜಾಯಿಂಟುಗಳು ಒಂದರ ಏರಿಳಿತವನ್ನು ಇನ್ನೊಂದು ಅಳಿಸುವ ಹಾಗೆ ಕೂರಬೇಕು. ಅದಕ್ಕೇ ಒಳ್ಳೆ ಮೆಕ್ಯಾನಿಕ್ ಶಾಫ್ಟ್ ಬಿಚ್ಚುವ ಮೊದಲು ಸೀಮೆಸುಣ್ಣದಲ್ಲಿ ಒಂದು ಗುರುತು ಎಳೀತಾರೆ. ಆ ಗುರುತು ತಪ್ಪಿಸಿ ಜೋಡಿಸಿದರೆ ಗಾಡಿ ಪೂರ್ತಿ ನಡುಗುತ್ತೆ, ಬೈಗುಳ ಮಾತ್ರ ಮತ್ತೆ ಗೇರ್ ಬಾಕ್ಸಿಗೇ.

ಆಯಿಲ್ ಬಗ್ಗೆ ಒಂದು ಮಾತು. ಗೇರ್ ಆಯಿಲ್ ಅಂದ್ರೆ ಎಲ್ಲ ಒಂದೇ ಅಂದುಕೊಂಡು ಡಿಫರೆನ್ಷಿಯಲ್ಲಿಗೆ ಹಾಕೋ ಜಿಎಲ್-5 ಅನ್ನೇ ಬಾಕ್ಸಿಗೂ ಸುರಿಯೋರು ಇದ್ದಾರೆ. ಹೈಪಾಯ್ಡ್ ಹಲ್ಲುಗಳನ್ನು ಕಾಪಾಡೋಕೆ ಅದರಲ್ಲಿ ಗಂಧಕ-ರಂಜಕದ ಸೇರ್ಪಡೆ ಹೆಚ್ಚು. ಅಂಥ ಕೆಲವು ಆಯಿಲ್‌ಗಳು ಹಿತ್ತಾಳೆಯನ್ನು ತಿನ್ನುತ್ತವೆ. ಜೊತೆಗೆ ಉಂಗುರಕ್ಕೆ ಬೇಕಾದ ಘರ್ಷಣೆಯನ್ನೇ ಕಮ್ಮಿ ಮಾಡಿ ಗೇರ್ ಬೀಳೋದನ್ನ ತಡ ಮಾಡಬಹುದು. ಮ್ಯಾನ್ಯುಯಲ್ಲಿನಲ್ಲಿ ಜಿಎಲ್-4 ಅಂತ ಬರೆದಿದ್ದರೆ ಅದನ್ನೇ ಹಾಕಿ. ಆಟೊಮ್ಯಾಟಿಕ್ ಗಾಡಿಗಳದ್ದು ಬೇರೆಯೇ ಪುರಾಣ, ಇಲ್ಲಿ ಬೇಡ. ಶಿಫ್ಟ್ ಆಗುವಾಗ ಎತ್ತಿ ಹಾಕ್ತಿದ್ದರೆ ಮೊದಲು ಆಯಿಲ್ ಮಟ್ಟ, ಬಣ್ಣ, ಸುಟ್ಟ ವಾಸನೆ ನೋಡಿಸಿ ಅನ್ನೋದಷ್ಟೇ ಸದ್ಯಕ್ಕೆ ಸಾಕು.

ನಮ್ಮ ಗಾಡಿ ಈಗ ರಿವರ್ಸಿನಲ್ಲಿ ತಕರಾರು ಮಾಡ್ತಿಲ್ಲ. ಆದರೆ ಹೋದ ವಾರ ಅಪ್ಪ ಫೋನ್ ಮಾಡಿ, ಅರವತ್ತು ದಾಟಿದ ಮೇಲೆ ಹಿಂದಿನಿಂದ 'ಗುಂ' ಅಂತಿದೆ ಕಣೋ ಅಂದ್ರು. ನ್ಯೂಟ್ರಲ್ ಮಾಡಿದ್ರೂ ಬರ್ತದಾ? ಬರ್ತದೆ. ಬಲಕ್ಕೆ ತಿರುಗಿಸಿದ್ರೆ? ಜಾಸ್ತಿ. ಎಡಕ್ಕೆ? ಕಮ್ಮಿ. ಬಲಕ್ಕೆ ತಿರುಗಿದಾಗ ಭಾರ ಬೀಳೋದು ಎಡಗಡೆ ಚಕ್ರದ ಮೇಲೆ. ದೀಪಾವಳಿಗೆ ಊರಿಗೆ ಹೋದಾಗ ಹಿಂದಿನ ಎಡ ಚಕ್ರ ಬಿಚ್ಚಬೇಕು. ದೊಡ್ಡಪ್ಪನಿಗೂ ಬರೋಕೆ ಹೇಳಿದ್ದೇನೆ.