ಬಚ್ಚಲುಮನೆಯ ಬಿಸಿನೀರಿನ ಯಂತ್ರ: ಅದರ ದೋಷಗಳೂ ಅವುಗಳ ಪರೀಕ್ಷೆಯೂ

ಹಂಡೆಯೊಲೆಯಲ್ಲಿ ನೀರು ಕಾಯಿಸುತ್ತಿದ್ದ ಕಾಲದಲ್ಲಿ, ನೀರು ಕಾಯದಿದ್ದರೆ ಕಾರಣವನ್ನು ಹುಡುಕುವುದು ಕಷ್ಟವಾಗಿರಲಿಲ್ಲ. ಸೌದೆಯು ಹಸಿಯಾಗಿರಬೇಕು, ಇಲ್ಲವೆ ಒಲೆಯಲ್ಲಿ ಬೂದಿ ತುಂಬಿರಬೇಕು, ಇಲ್ಲವೆ ಹಂಡೆಯೇ ಸೋರುತ್ತಿರಬೇಕು. ಎಲ್ಲವೂ ಕಣ್ಣಿಗೆ ಕಾಣುತ್ತಿದ್ದವು. ಈಗ ನಮ್ಮ ಬಹುಮಂದಿಯ ಮನೆಗಳಲ್ಲಿ ಹಂಡೆಯ ಸ್ಥಾನಕ್ಕೆ ಗೀಸರ್ ಎಂಬ ಯಂತ್ರವು ಬಂದಿದೆ. ಬಿಳಿಯ ಹೊದಿಕೆಯೊಳಗೆ ನಡೆಯುವ ಕಾರ್ಯವು ಕಾಣದಿರುವುದರಿಂದ, ಅದು ಕೆಟ್ಟಾಗ ಮನೆಯವರು ಎರಡು ವಿಧದ ಹಾನಿಗೆ ಒಳಗಾಗುತ್ತಾರೆ. ಸಣ್ಣ ದೋಷಕ್ಕಾಗಿ ದೊಡ್ಡ ಮೊತ್ತವನ್ನು ತೆರುವುದು ಒಂದು. ದೊಡ್ಡ ದೋಷವನ್ನು ಸಣ್ಣದೆಂದು ಬಗೆದು ಪ್ರಾಣಾಪಾಯಕ್ಕೆ ಗುರಿಯಾಗುವುದು ಮತ್ತೊಂದು. ಇವೆರಡರಿಂದಲೂ ಪಾರಾಗಲು ಹೆಚ್ಚಿನ ವಿದ್ಯೆ ಬೇಕಿಲ್ಲ. ಶಾಲೆಯ ವಿಜ್ಞಾನದ ತರಗತಿಯಲ್ಲಿ ಕಲಿತಷ್ಟನ್ನು ನೆನಪಿಗೆ ತಂದುಕೊಂಡರೆ ಸಾಕು.

ಮೊದಲು ಯಂತ್ರದ ರಚನೆಯನ್ನು ತಿಳಿಯೋಣ. ವಿದ್ಯುತ್ತಿನ ಗೀಸರೆಂದರೆ ಶಾಖವು ಹೊರಗೆ ಹೋಗದಂತೆ ಹೊದಿಸಿದ ಒಂದು ತೊಟ್ಟಿ. ತಣ್ಣೀರು ಅದರ ತಳದಲ್ಲಿ ಪ್ರವೇಶಿಸುತ್ತದೆ. ಬಿಸಿಯಾದ ನೀರು ಹಗುರವಾಗಿ ಮೇಲಕ್ಕೇರುವುದರಿಂದ ನಲ್ಲಿಗೆ ಹೋಗುವ ನೀರನ್ನು ಮೇಲ್ಭಾಗದಿಂದಲೇ ತೆಗೆದುಕೊಳ್ಳಲಾಗುತ್ತದೆ. ನಡುವೆ ನೀರನ್ನು ಕಾಯಿಸುವ ಸುರುಳಿಯಿದೆ. ಈ ಸುರುಳಿಯನ್ನು ಕಾಯುವ ಕಾವಲುಗಾರರು ಮೂವರು. ನೀರು ಗೊತ್ತಾದ ಉಷ್ಣತೆಯನ್ನು ಮುಟ್ಟಿದೊಡನೆ ವಿದ್ಯುತ್ತನ್ನು ನಿಲ್ಲಿಸಿ, ತಣಿದ ಮೇಲೆ ಮತ್ತೆ ಬಿಡುವ ಥರ್ಮೋಸ್ಟಾಟು ಮೊದಲನೆಯದು. ಅದು ಕೆಟ್ಟು ನೀರು ಮಿತಿಮೀರಿ ಕಾದರೆ ವಿದ್ಯುತ್ತನ್ನು ಕಡಿದುಹಾಕುವ ಕಟ್‌ಔಟು ಎರಡನೆಯದು. ಇವೆರಡೂ ಸೋತಾಗ ಒತ್ತಡವನ್ನು ಹೊರಬಿಡುವ ಸುರಕ್ಷಾ ಕವಾಟ ಮೂರನೆಯದು. ಗೀಸರಿನ ದೋಷಪರೀಕ್ಷೆಯೆಂದರೆ ಈ ಮೂವರಲ್ಲಿ ಯಾರು ಏನು ಹೇಳುತ್ತಿದ್ದಾರೆಂಬುದನ್ನು ಕೇಳಿ ತಿಳಿಯುವುದೇ ಆಗಿದೆ.

ನೀರು ಸ್ವಲ್ಪವೂ ಕಾಯದಿದ್ದರೆ, ಹೊರಗಿನಿಂದ ಒಳಗೆ ಎಂಬ ಕ್ರಮದಲ್ಲಿ ನೋಡಬೇಕು. ಮನೆಯಲ್ಲಿ ವಿದ್ಯುತ್ತಿದೆಯೆ? ಗೀಸರಿನ ಸಾಲಿಗೆ ಸೇರಿದ ಸ್ವಿಚ್ಚು ಮುಖ್ಯ ಹಲಗೆಯಲ್ಲಿ ಕೆಳಗೆ ಬಿದ್ದಿದೆಯೆ? ಗೀಸರಿನ ಮೇಲಿನ ದೀಪವು ಉರಿಯುತ್ತಿದೆಯೆ? ದೀಪವೇ ಇಲ್ಲದಿದ್ದರೆ ದೋಷವು ಬಹುಶಃ ಪ್ಲಗ್ಗಿನಲ್ಲಿ ಅಥವಾ ತಂತಿಯಲ್ಲಿದೆ. 2,000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ 9 ಆಂಪಿಯರಿಗೆ ಸಮೀಪದ ವಿದ್ಯುತ್ತನ್ನು ಎಳೆಯುತ್ತದೆ. ದೀಪಕ್ಕೂ ಫ್ಯಾನಿಗೂ ಇರುವ ಸಣ್ಣ ಸಾಕೆಟ್ಟು ಅದನ್ನು ತಾಳದು. ಪ್ಲಗ್ಗಿನ ಸುತ್ತ ಕಪ್ಪಾಗಿದ್ದರೆ ಅಥವಾ ಸುಟ್ಟ ವಾಸನೆಯಿದ್ದರೆ ಕಾರಣವು ಅಲ್ಲಿಯೇ ದೊರೆಯಿತು. 16 ಆಂಪಿಯರಿನ ಸಾಕೆಟ್ಟನ್ನು ಪ್ರತ್ಯೇಕ ಸಾಲಿನಲ್ಲಿ ಹಾಕಿಸಬೇಕು. ಕಾಯಿಸುವ ದೀಪವು ಉರಿಯುತ್ತಲೇ ಇದ್ದು ಎಷ್ಟು ಹೊತ್ತಾದರೂ ನೀರು ತಣ್ಣಗೆಯೇ ಇದ್ದರೆ ಸುರುಳಿಯು ಸುಟ್ಟುಹೋಗಿರುವುದು ಸಂಭವ. ಸುರುಳಿಯನ್ನು ಮಾತ್ರ ಬದಲಾಯಿಸಬಹುದಾದ ಕಡೆ ಇಡೀ ಯಂತ್ರವನ್ನು ಕೊಳ್ಳುವ ಅವಶ್ಯಕತೆಯಿಲ್ಲ.

ನೀರು ಕಾಯುತ್ತದೆ, ಆದರೆ ತಡವಾಗಿ ಕಾಯುತ್ತದೆ ಎಂಬುದು ಮತ್ತೊಂದು ದೂರು. ಇದನ್ನು ಲೆಕ್ಕದಿಂದ ಪರೀಕ್ಷಿಸಬಹುದು. 15 ಲೀಟರು ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 2,000 ವ್ಯಾಟಿನ ಸುರುಳಿಗೆ ಸುಮಾರು 21 ನಿಮಿಷಗಳು ಬೇಕು. 25 ಲೀಟರಿಗೆ ಸುಮಾರು 35 ನಿಮಿಷಗಳು. ಗಡಿಯಾರವನ್ನು ನೋಡಿಕೊಂಡು, ಕಾಯಿಸುವ ದೀಪವು ಎಷ್ಟು ಹೊತ್ತಿಗೆ ಆರುತ್ತದೆಂಬುದನ್ನು ಗುರುತಿಸಿರಿ. ಇದಕ್ಕಿಂತ ಬಹಳ ಹೆಚ್ಚಾದರೆ ವೋಲ್ಟೇಜು ಕುಗ್ಗಿರಬಹುದು. 230 ವೋಲ್ಟಿನ ಬದಲು 180 ವೋಲ್ಟು ಮಾತ್ರ ಬರುತ್ತಿದ್ದರೆ, ಶಾಖವು ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ. ಅಂತಹ ಊರಿನಲ್ಲಿ ಗೀಸರನ್ನು ದೂಷಿಸಿ ಫಲವಿಲ್ಲ.

ದೀಪವು ಸಕಾಲದಲ್ಲಿ ಆರಿದರೂ ನಲ್ಲಿಯಲ್ಲಿ ಬರುವ ನೀರು ಉಗುರುಬೆಚ್ಚಗಿದ್ದರೆ, ತಣ್ಣೀರು ಬಿಸಿನೀರುಗಳೆರಡೂ ಸೇರುವ ಮಿಕ್ಸರ್ ನಲ್ಲಿಯನ್ನು ಸಂದೇಹಿಸಿರಿ. ಗೀಸರಿನ ಸ್ವಿಚ್ಚನ್ನು ಆರಿಸಿ, ಅದಕ್ಕೆ ತಣ್ಣೀರು ಹೋಗುವ ಕವಾಟವನ್ನು ಮುಚ್ಚಿ, ಬಿಸಿನೀರಿನ ನಲ್ಲಿಯನ್ನು ಮಾತ್ರ ತಿರುಗಿಸಿರಿ. ಸ್ವಲ್ಪ ಹೊತ್ತಿನ ಮೇಲೂ ನೀರು ಧಾರಾಳವಾಗಿ ಬರುತ್ತಿದ್ದರೆ, ಮಿಕ್ಸರಿನೊಳಗೆ ತಣ್ಣೀರು ಬಿಸಿನೀರಿನ ದಾರಿಗೆ ನುಗ್ಗುತ್ತಿದೆ ಎಂದರ್ಥ. ದೋಷವು ನಲ್ಲಿಯಲ್ಲಿದೆ, ಯಂತ್ರದಲ್ಲಿಲ್ಲ. ಪರೀಕ್ಷೆಯ ತರುವಾಯ ಕವಾಟವನ್ನು ತೆರೆದು, ತೊಟ್ಟಿ ತುಂಬಿ ನಲ್ಲಿಯಲ್ಲಿ ನೀರು ಸರಾಗವಾಗಿ ಬಂದ ಮೇಲೆಯೇ ಸ್ವಿಚ್ಚು ಹಾಕಬೇಕು. ನೀರಿಲ್ಲದ ತೊಟ್ಟಿಯಲ್ಲಿ ಸುರುಳಿಯು ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ.

ಕೊಳವೆಬಾವಿಯ ಗಡಸುನೀರನ್ನು ಬಳಸುವ ಮನೆಗಳಲ್ಲಿ ಗೀಸರು ಗುರುಗುಟ್ಟುವ ಸದ್ದನ್ನು ಮಾಡುವುದುಂಟು. ನೀರಿನಲ್ಲಿ ಕರಗಿದ ಸುಣ್ಣದ ಅಂಶವು ಕಾದಾಗ ಬೇರ್ಪಟ್ಟು ಸುರುಳಿಯ ಮೇಲೆ ಪೊರೆಗಟ್ಟುತ್ತದೆ. ಆ ಪೊರೆಯೊಳಗೆ ಸುರುಳಿಯು ಅತಿಯಾಗಿ ಕಾದು ಬೇಗನೆ ಸಾಯುತ್ತದೆ. ಅಂತಹ ಮನೆಯವರು ಆಗಾಗ್ಗೆ ತೊಟ್ಟಿಯನ್ನು ಬಿಚ್ಚಿಸಿ ಶುದ್ಧಿಮಾಡಿಸಬೇಕು. ತುಕ್ಕು ತೊಟ್ಟಿಯನ್ನು ತಿನ್ನುವುದಕ್ಕೆ ಮೊದಲು ತಾನೇ ಸವೆಯುವಂತೆ ಇಟ್ಟಿರುವ ಮೆಗ್ನೀಸಿಯಮ್ ಕಡ್ಡಿಯನ್ನೂ ಆಗಲೇ ನೋಡಿಸಿ, ಸವೆದಿದ್ದರೆ ಬದಲಾಯಿಸಬೇಕು.

ಇಷ್ಟು ಹೊತ್ತು ಹೇಳಿದವು ಅನಾನುಕೂಲದ ದೋಷಗಳು. ಇನ್ನು ಅಪಾಯದ ದೋಷಗಳಿಗೆ ಬರೋಣ.

ಗೀಸರು ಕಾಯುತ್ತಿರುವಾಗ ಸುರಕ್ಷಾ ಕವಾಟದಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಅನೇಕರು ಗಾಬರಿಗೊಳ್ಳುತ್ತಾರೆ. ಕಾದ ನೀರು ಹಿಗ್ಗುತ್ತದೆ. 15 ಲೀಟರು ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿದಾಗ ಸುಮಾರು ಕಾಲು ಲೀಟರಿನಷ್ಟು ಹೆಚ್ಚುತ್ತದೆ. ಆ ಹೆಚ್ಚಳಕ್ಕೆ ಬೇರೆ ದಾರಿಯಿಲ್ಲದಾಗ ಕವಾಟವು ಅದನ್ನು ಹೊರಬಿಡುತ್ತದೆ. ನಮ್ಮ ವಸತಿಗೃಹದಲ್ಲಿ ಹಿಂದೊಮ್ಮೆ ಈ ಹನಿಯನ್ನು ನಿಲ್ಲಿಸಲು ಬಂದ ಕೆಲಸದವನೊಬ್ಬನು ಕವಾಟದ ಬಾಯಿಗೆ ಮರದ ಬೆಣೆಯನ್ನು ಜಡಿದು, ಕೂಲಿಯನ್ನು ಪಡೆದು ಹೋದನು. ಮೇಲ್ವಿಚಾರಕಿಯವರು ಅದನ್ನು ಕಂಡು ಕೂಡಲೇ ತೆಗೆಸಿದರು. ಮುಚ್ಚಿದ ತೊಟ್ಟಿಯಲ್ಲಿ ಥರ್ಮೋಸ್ಟಾಟೂ ಕಟ್‌ಔಟೂ ಕೆಟ್ಟರೆ ನೀರು 100 ಡಿಗ್ರಿಯನ್ನೂ ಮೀರಿ ಕಾಯುತ್ತದೆ. ತೊಟ್ಟಿ ಒಡೆದರೆ ಆವಿಯಾದ ನೀರು ಸುಮಾರು 1,600 ಪಟ್ಟು ಹಿಗ್ಗಿ ಗೋಡೆಯನ್ನೇ ಕೆಡವಬಲ್ಲದು. ಆದುದರಿಂದ ಆ ಕವಾಟದ ಬಾಯನ್ನು ಎಂದಿಗೂ ಮುಚ್ಚಕೂಡದು. ನಲ್ಲಿಯಿಂದ ಆವಿ ಬರುತ್ತಿದ್ದರೆ ಅಥವಾ ಕಾಯಿಸುವ ದೀಪವು ಆರದೆಯೇ ಇದ್ದು ನೀರು ಸುಡುತ್ತಿದ್ದರೆ, ಮುಖ್ಯ ಸ್ವಿಚ್ಚನ್ನು ಆರಿಸಿ, ಯಾರನ್ನೂ ಬಚ್ಚಲುಮನೆಗೆ ಬಿಡದೆ, ತಾನಾಗಿ ತಣಿಯುವವರೆಗೆ ಕಾದಿರಿ. 60 ಡಿಗ್ರಿಯ ನೀರೇ ಸುಮಾರು 5 ಸೆಕೆಂಡುಗಳಲ್ಲಿ ದೊಡ್ಡವರ ಚರ್ಮವನ್ನು ಆಳವಾಗಿ ಸುಡುತ್ತದೆ. ಶಿಶುಗಳಿಗೆ ಅಷ್ಟು ಹೊತ್ತೂ ಬೇಕಾಗದು. ಕಟ್‌ಔಟು ಪದೇ ಪದೇ ಬೀಳುತ್ತಿದ್ದರೆ ಅದನ್ನು ತಪ್ಪಿಸಿ ತಂತಿಯನ್ನು ನೇರವಾಗಿ ಜೋಡಿಸಲು ಯಾರಿಗೂ ಅನುಮತಿ ಕೊಡಬೇಡಿರಿ; ಬದಲಾಗಬೇಕಾದುದು ಥರ್ಮೋಸ್ಟಾಟು.

ನಲ್ಲಿಯನ್ನು ಮುಟ್ಟಿದಾಗ ಕೈ ಜುಮ್ಮೆಂದರೆ ಅದು ಅಲಕ್ಷಿಸುವ ಮಾತಲ್ಲ. ಸುರುಳಿಯ ಹೊದಿಕೆಯು ಒಡೆದು ವಿದ್ಯುತ್ತು ನೀರಿಗೆ ಸೋರುತ್ತಿದೆ, ಭೂಮಿಗೆ ಜೋಡಿಸುವ ತಂತಿಯೂ ಸರಿಯಿಲ್ಲ ಎಂದು ಸಂದೇಹಿಸಬೇಕು. 30 ಮಿಲಿ ಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಪ್ರತಿ ಮನೆಯಲ್ಲಿಯೂ ಇರಲಿ. ಗೀಸರು ಹಾಕಿದೊಡನೆ ಆ ಸ್ವಿಚ್ಚು ಬೀಳುತ್ತಿದ್ದರೆ ಕೆಟ್ಟಿರುವುದು ಗೀಸರೆಂದು ತಿಳಿದು, ಸ್ವಿಚ್ಚನ್ನು ಶಪಿಸದಿರಿ. ಸ್ನಾನಕ್ಕೆ ಮೊದಲು ಗೀಸರನ್ನು ಆರಿಸುವ ಅಭ್ಯಾಸವು ಎಲ್ಲರಿಗೂ ಹಿತ.

ಕೊನೆಯದಾಗಿ ಗ್ಯಾಸಿನ ಗೀಸರು. ಇದರ ದೋಷವು ಎಲ್ಲಕ್ಕಿಂತ ಘೋರವಾದುದು, ಏಕೆಂದರೆ ಅದು ಕಣ್ಣಿಗೂ ಮೂಗಿಗೂ ತಿಳಿಯದು. ಗಾಳಿ ಸಾಲದ ಕೋಣೆಯಲ್ಲಿ ಗ್ಯಾಸು ಉರಿದರೆ ಕಾರ್ಬನ್ ಮಾನಾಕ್ಸೈಡು ಎಂಬ ವಿಷವಾಯು ಹುಟ್ಟುತ್ತದೆ. ಅಡಿಗೆಯ ಗ್ಯಾಸಿಗೆ ಬೆರೆಸಿರುವ ದುರ್ವಾಸನೆಯು ಇದಕ್ಕಿಲ್ಲ, ಬಣ್ಣವೂ ಇಲ್ಲ. ಇದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆಗಳು ತೋರಿ, ಕಾಲು ಸೋತು, ಚಿಲಕವನ್ನು ತೆಗೆಯಲೂ ಶಕ್ತಿಯಿಲ್ಲದಂತಾಗುತ್ತದೆ. ಜ್ವಾಲೆಯು ನೀಲಿಯಾಗಿರದೆ ಹಳದಿಯಾಗಿದ್ದರೆ ಅಥವಾ ಗೀಸರಿನ ಮೇಲೆ ಮಸಿ ಹಿಡಿದಿದ್ದರೆ ಅದನ್ನು ಒಡನೆ ನಿಲ್ಲಿಸಬೇಕು. ಆದರೆ ನೀಲಿ ಜ್ವಾಲೆಯನ್ನು ನಂಬಿಯೂ ಅದನ್ನು ಬಚ್ಚಲುಮನೆಯೊಳಗೆ ಇಡಕೂಡದು. ಅದರ ಸ್ಥಳವು ಹೊರಗೆ, ಗಾಳಿಯಾಡುವ ಕಡೆ; ಒಳಗೆ ಬರಬೇಕಾದುದು ಕೊಳವೆಯೊಂದೇ. ಒಳಗಿದ್ದವರು ಕರೆದರೆ ಉತ್ತರ ಕೊಡದಿದ್ದರೆ ಬಾಗಿಲನ್ನು ಒಡೆದು, ಅವರನ್ನು ಹೊರಗಿನ ಗಾಳಿಗೆ ತಂದು, ಗ್ಯಾಸನ್ನು ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮಗಳನ್ನು ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಪಟ್ಟಣದ ಬಾಡಿಗೆಯ ಕೋಣೆಯಲ್ಲಿ ಬಿಡುವ ತಂದೆತಾಯಂದಿರು ಬೀಗ, ಕಿಟಕಿ, ನೆರೆಹೊರೆಗಳನ್ನು ವಿಚಾರಿಸುವುದು ವಾಡಿಕೆ. ಬಚ್ಚಲುಮನೆಯ ಗೀಸರು ಯಾವ ಬಗೆಯದು, ಎಲ್ಲಿದೆ, ಅದರ ಮುಖ್ಯ ಸ್ವಿಚ್ಚು ಯಾವುದು ಎಂಬುದನ್ನೂ ಅದೇ ದಿನ ನೋಡಿ, ಆಕೆಯ ಕೈಯಿಂದಲೇ ಒಮ್ಮೆ ಆ ಸ್ವಿಚ್ಚನ್ನು ಆರಿಸಿ ಹಾಕಿಸಿರಿ. ಯಂತ್ರದ ಹೊದಿಕೆಯನ್ನು ಬಿಚ್ಚುವ ಕೆಲಸವು ತಿಳಿದ ಕಸಬುದಾರನದು. ಅವನು ಬರುವ ಮೊದಲು ಯಂತ್ರವನ್ನು ನಿಲ್ಲಿಸುವುದೂ, ಅವನು ಬಂದಾಗ ದೋಷವನ್ನು ಸ್ಪಷ್ಟವಾಗಿ ಹೇಳುವುದೂ ಮನೆಯವರ ಕೆಲಸ.